ಗೋಡೆಯ ಟೈಮ್‌ಟೇಬಲ್, ಆಫೀಸಿನ ಟೈಮ್‌ಟೇಬಲ್

ದಪ್ಪ ಚಾರ್ಟ್ ಪೇಪರನ್ನು ಎರಡು ಕೈಯಲ್ಲಿ ಹಿಡಿದು ಒಮ್ಮೆ ಒದರಿದರೆ ದೂರದಲ್ಲೆಲ್ಲೋ ಗುಡುಗಿದ ಹಾಗೆ ಸದ್ದು ಬರುತ್ತದೆ. ಪ್ರತಿ ಜೂನ್‌ನಲ್ಲಿ, ಕಾಲೇಜು ಶುರುವಾಗುವುದಕ್ಕೆ ಒಂದು ವಾರ ಮುಂಚೆ, ನಮ್ಮ ಇಂಗ್ಲಿಷ್ ಡಿಪಾರ್ಟ್‌ಮೆಂಟಿನಲ್ಲಿ ಆ ಸದ್ದು ಕೇಳುತ್ತಿತ್ತು. ನಮ್ಮ ಅಟೆಂಡರು ಅಂಗಡಿಯಿಂದ ಸುರುಳಿ ಸುತ್ತಿದ ಚಾರ್ಟ್ ತಂದು, ಸುರುಳಿ ಬಿಡಲೆಂದು ಬಾಗಿಲಲ್ಲೇ ನಿಂತು ಒದರುತ್ತಿದ್ದ. "ಗುಡುಗ್ತು ಅಮ್ಮಾವ್ರೆ, ಇನ್ನು ನೀವು ಸುರ್ಸಿ" ಅನ್ನುತ್ತಿದ್ದ. ವರ್ಷ ವರ್ಷವೂ ಅದೇ ಮಾತು, ವರ್ಷ ವರ್ಷವೂ ನಾನು ನಗುತ್ತಿದ್ದೆ.

ಸುರಿಸುವುದು ಅಂದರೆ ಟೈಮ್‌ಟೇಬಲ್ ಬರೆಯುವುದು. ನಾನು ಡಿಪಾರ್ಟ್‌ಮೆಂಟಿನ ಹೆಡ್. ನಮ್ಮದು ಮೈಸೂರಿನ ಒಂದು ಖಾಸಗಿ ಸಂಸ್ಥೆ ನಡೆಸುತ್ತಿದ್ದ, ಸರ್ಕಾರದ ಅನುದಾನ ಪಡೆಯುವ ಡಿಗ್ರಿ ಕಾಲೇಜು. ಇಂಗ್ಲಿಷ್ ಪಾಠಕ್ಕೆ ನಾವು ಖಾಯಂ ಇದ್ದವರು ಮೂವರು, ಪಾರ್ಟ್‌ಟೈಮ್ ಒಬ್ಬಳು. ಪೆನ್ಸಿಲಿನಲ್ಲಿ ಗೆರೆ ಎಳೆದು, ಆರು ದಿನ, ದಿನಕ್ಕೆ ಆರು ಪೀರಿಯಡ್, ಎಂದು ಚೌಕ ಮಾಡಿ, ಒಬ್ಬೊಬ್ಬ ಟೀಚರಿಗೆ ಒಂದೊಂದು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಇನಿಷಿಯಲ್ಸ್ ಬರೆದು ಚೌಕಕ್ಕೆ ಅಂಚು ಕಟ್ಟುತ್ತಿದ್ದೆ. ನನ್ನದು ನೀಲಿ. ಪಾರ್ಟ್‌ಟೈಮಿನವಳದು ಹಸಿರು. ಹಸಿರಿಗೆ ವಿಶೇಷ ಅರ್ಥವೇನಿಲ್ಲ. ಸೀನಿಯರ್‌ಗಳು ಆರಿಸಿಕೊಂಡ ಮೇಲೆ ಪ್ಯಾಕೆಟ್ಟಿನಲ್ಲಿ ಉಳಿದದ್ದು ಅದು.

ಎಲ್ಲ ಬರೆದಾದ ಮೇಲೆ ಕೊನೆಯ ಕೆಲಸ, ಬೆರಳಿನ ತಪಾಸಣೆ. ಸೋಮವಾರದ ಮೊದಲ ಪೀರಿಯಡ್ಡಿನ ಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಬೆರಳಿಟ್ಟು, ಒಂದೊಂದು ಕ್ಲಾಸಿಗೂ ಯಾರಿದ್ದಾರೆ ಎಂದು ಓದುತ್ತ ಹೋಗಬೇಕು. ಒಂದೇ ಇನಿಷಿಯಲ್ ಎರಡು ಸಲ ಸಿಕ್ಕಿದರೆ ಆ ಟೀಚರು ಒಂದೇ ಹೊತ್ತಿಗೆ ಎರಡು ಕೋಣೆಯಲ್ಲಿರಬೇಕಾಗುತ್ತದೆ. ಅದಕ್ಕೆ ಕ್ಲ್ಯಾಶ್ ಅನ್ನುತ್ತಿದ್ದೆವು. ನನ್ನ ಟೈಮ್‌ಟೇಬಲ್‌ನಲ್ಲಿ ಕ್ಲ್ಯಾಶ್ ಇರುತ್ತಿರಲಿಲ್ಲ. ನೆವರ್. ಕಾನ್ವೆಂಟಿನಲ್ಲಿ ನನಗೆ ಕೈಬರಹ ಕಲಿಸಿದ ಸಿಸ್ಟರ್, ಗೆರೆ ಒಂದು ಕೂದಲೆಳೆ ವಾರೆಯಾದರೂ ಬೆರಳ ಗೆಣ್ಣಿಗೆ ಸ್ಕೇಲಿನಿಂದ ತಟ್ಟುತ್ತಿದ್ದರು. ಆ ಗೆಣ್ಣು ಐವತ್ತು ದಾಟಿದ ಮೇಲೂ ನೆನಪಿಟ್ಟುಕೊಂಡಿತ್ತು.

ಇದು ಗೋಡೆಯ ಟೈಮ್‌ಟೇಬಲ್. ಇದರ ಪ್ರಕಾರ ಗಂಟೆ ಹೊಡೆಯುತ್ತಿತ್ತು, ಪಾಠ ನಡೆಯುತ್ತಿತ್ತು.

ಇನ್ನೊಂದು ಟೈಮ್‌ಟೇಬಲ್ ಇತ್ತು. ಅದನ್ನು ಫುಲ್‌ಸ್ಕೇಪ್ ಹಾಳೆಯ ಮೇಲೆ, ಕೆಳಗೆ ಕಾರ್ಬನ್ ಇಟ್ಟು, ಅದೇ ಚಂದದ ಅಕ್ಷರದಲ್ಲಿ ಬರೆದು, ಸಹಿ ಹಾಕಿ ಪ್ರಿನ್ಸಿಪಾಲರಿಗೆ ಕೊಡುತ್ತಿದ್ದೆ. ಇದು ಆಫೀಸಿನ ಟೈಮ್‌ಟೇಬಲ್. ಸರ್ಕಾರದವರು ಕೇಳಿದರೆ ತೋರಿಸುವುದಕ್ಕೆ. ಇದರಲ್ಲಿ ಪಾರ್ಟ್‌ಟೈಮಿನವಳಿಗೆ ವಾರಕ್ಕೆ ಏಳು ಗಂಟೆ. ಗೋಡೆಯ ಮೇಲೆ ಹದಿನೇಳು. ನಡುವಿನ ಹತ್ತು ಗಂಟೆಯನ್ನು ಖಾಯಂ ಇದ್ದ ನಮ್ಮ ಮೂವರ ಹೆಸರಿಗೆ ಹಂಚುತ್ತಿದ್ದೆ.

ಯಾಕೆ ಅಂದರೆ, ಎಂಟು ಗಂಟೆ ದಾಟಿದರೆ ಪಾರ್ಟ್‌ಟೈಮ್ ಅನ್ನಲು ಬರುವುದಿಲ್ಲ, ಮುಂದೆ ಪೂರ್ತಿ ಹುದ್ದೆಯ ಹಕ್ಕು ಕೇಳುತ್ತಾರೆ ಎಂಬ ಭಯ ಮ್ಯಾನೇಜ್‌ಮೆಂಟಿಗೆ. ನಾನು ಹೆಡ್ ಆದ ಮೊದಲ ವರ್ಷವೇ ಪ್ರಿನ್ಸಿಪಾಲರು ಕರೆದು, ಬಹಳ ಮರ್ಯಾದೆಯಿಂದ ಹೇಳಿದ್ದರು: "ಮೇಡಂ, ನೀವು ಎಂಟರ ಮೇಲೆ ತೋರಿಸಿದ್ರೆ ಅವರನ್ನ ಮುಂದಿನ ವರ್ಷ ತಗೊಳ್ಳೋಕೇ ಬಿಡಲ್ಲ. ಆ ಹೆಣ್ಣುಮಗಳ ಕೆಲಸ ಉಳೀಬೇಕು ಅಂದ್ರೆ ಇದೊಂದೇ ದಾರಿ." ನಾನು ನಂಬಿದೆ. ನಂಬಿದೆ ಎನ್ನುವುದಕ್ಕಿಂತ, ನಂಬುವುದು ಸುಲಭವಾಗಿತ್ತು. ಉಪಕಾರ ಮಾಡುತ್ತಿದ್ದೇನೆ ಎಂಬ ಭಾವನೆಯಲ್ಲೇ ಒಂಬತ್ತು ವರ್ಷ ಬರೆದೆ.

ಆ ಹೆಣ್ಣುಮಗಳನ್ನು ಹುಡುಗರು ಹಿನಕಲ್ ಮೇಡಂ ಅನ್ನುತ್ತಿದ್ದರು. ಮನೆ ಹಿನಕಲ್‌ನಲ್ಲಿ. ಮೈಸೂರಿನ ಅಂಚಿನ ಆ ಊರು ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅವಳ ಅಜ್ಜ ಅಲ್ಲಿ ಕೂಲಿ ಮಾಡುತ್ತಿದ್ದವರು. ಮನೆಯ ಗೋಡೆಯ ಮೇಲೆ ಬುದ್ಧನ ಪಟ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ಇವಳೇ. ಎಂ.ಎ. ಇಂಗ್ಲಿಷ್ ಮಾಡಿ, ಕಾಟನ್ ಸೀರೆಗೆ ಗಂಜಿ ಹಾಕಿ ಉಟ್ಟು ಇಂಟರ್‌ವ್ಯೂಗೆ ಬಂದಿದ್ದಳು. ಕನ್‌ಫೆಸ್ ಮಾಡುತ್ತೇನೆ, ಅವಳ ಇಂಗ್ಲಿಷ್ ಉಚ್ಚಾರ ಕೇಳಿ ನಾನು ಒಳಗೊಳಗೇ ಮುಖ ಸಿಂಡರಿಸಿದ್ದೆ. ತಿಂಗಳು ಕಳೆಯುವುದರೊಳಗೆ ಬಿ.ಕಾಂ. ಹುಡುಗರು ನನ್ನ ಕ್ಲಾಸು ತಪ್ಪಿಸಿ ಅವಳ ಕ್ಲಾಸಿನ ಕಿಟಕಿಯ ಹತ್ತಿರ ನಿಲ್ಲತೊಡಗಿದರು. ನಾನು ಇಂಗ್ಲಿಷಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದೆ. ಅವಳು ಅವರಿಗೆ ಅರ್ಥವಾಗುವ ಹಾಗೆ ಹೇಳುತ್ತಿದ್ದಳು.

ಪಾರ್ಟ್‌ಟೈಮ್ ಆರ್ಡರು ಜುಲೈಯಿಂದ ಮಾರ್ಚ್‌ವರೆಗೆ ಮಾತ್ರ. ಏಪ್ರಿಲ್ ಬಂದರೆ ರಿಲೀವಿಂಗ್ ಲೆಟರ್. ಎರಡು ತಿಂಗಳು ಅವಳು ಅಣ್ಣನ ಟೈಲರ್ ಅಂಗಡಿಯಲ್ಲಿ ಕುಳಿತು ಶರಟುಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದಳು. ಜೂನ್‌ನಲ್ಲಿ ಮತ್ತೆ, ಯಾರೋ ಹೊಸಬಳ ಹಾಗೆ, ಹೊಸ ಅರ್ಜಿ, ಹೊಸ ಫೋಟೋ. "ಈ ಸಲ ಸ್ಟುಡಿಯೋದವನು ಕೇಳ್ಬುಟ್ಟ ಮೇಡಂ, ವರ್ಷವರ್ಷ ಗಂಡು ನೋಡೋಕೆ ಬರ್ತಾರಾ ಅಂತ" ಎಂದು ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಅವಳು ಮದುವೆಯಾಗಿರಲಿಲ್ಲ. ನಾನೂ ಆಗಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನನ್ನ ನಿವೃತ್ತಿಗೆ ಏಳು ತಿಂಗಳಿತ್ತು. ಒಂದು ಸೋಮವಾರ ಸ್ಟಾಫ್ ರೂಮಿನ ಬೋರ್ಡಿಗೆ ಸರ್ಕಾರದ ಸುತ್ತೋಲೆಯ ಝೆರಾಕ್ಸ್ ಅಂಟಿಸಿದ್ದರು. ಅನುದಾನಿತ ಕಾಲೇಜುಗಳಲ್ಲಿ ಸತತವಾಗಿ ಎಂಟು ವರ್ಷಕ್ಕೆ ಮೇಲ್ಪಟ್ಟು, ವಾರಕ್ಕೆ ಎಂಟು ಗಂಟೆಗೆ ಕಡಿಮೆಯಿಲ್ಲದಂತೆ ಪಾಠ ಮಾಡಿದ ಪಾರ್ಟ್‌ಟೈಮಿನವರನ್ನು ಖಾಯಂ ಮಾಡಲು ಪರಿಶೀಲಿಸುತ್ತಾರೆ. ವಿವರಗಳನ್ನು ಹತ್ತು ದಿನದೊಳಗೆ ಜಂಟಿ ನಿರ್ದೇಶಕರ ಕಚೇರಿಗೆ ಕಳಿಸಬೇಕು. ಹಿನಕಲ್ ಮೇಡಂಗೆ ಆಗ ನಲವತ್ತು ಸಮೀಪಿಸಿತ್ತು. ಬೇರೆ ಕಡೆ ಅರ್ಜಿ ಹಾಕುವ ವಯಸ್ಸು ದಾಟಿಹೋಗಿತ್ತು. ಇದೊಂದು ಬಾಗಿಲು ಬಿಟ್ಟರೆ ಉಳಿದದ್ದು ಮುಂದಿನ ಜೂನ್, ಮತ್ತೊಂದು ಫೋಟೋ.

ಅವಳು ಆಫೀಸಿಗೆ ಹೋಗಿ ಸರ್ವಿಸ್ ಸರ್ಟಿಫಿಕೇಟ್ ಕೇಳಿದಳು. ಮೂರನೇ ದಿನ ಕೊಟ್ಟರು. ಅದನ್ನು ಹಿಡಿದು ಡಿಪಾರ್ಟ್‌ಮೆಂಟಿಗೆ ಬಂದಳು. ನಾನೊಬ್ಬಳೇ ಇದ್ದೆ, ಟೆಸ್ಟ್ ಪೇಪರ್ ತಿದ್ದುತ್ತಿದ್ದೆ.

"ಮೇಡಂ, ವಾರಕ್ಕೆ ಏಳು ಗಂಟೆ ಅಂತ ಬರ್ದವ್ರೆ."

ನಾನು ಮುಂದಿನ ಪೇಪರು ಎಳೆದುಕೊಂಡೆ.

"ಹೆಡ್ ಕ್ಲರ್ಕನ್ನ ಕೇಳ್ದೆ. ತಪ್ಪು ಬರ್ದಿದೀರಾ, ನಂಗೆ ಹದಿನೇಳು ಅಂದೆ. ಅವ್ರು ಫೈಲ್ ತೆಗ್ದು ತೋರ್ಸಿದ್ರು. ಒಂಬತ್ತು ವರ್ಷದ್ದೂ." ಸರ್ಟಿಫಿಕೇಟನ್ನು ನನ್ನ ಮುಂದೆ ಇಟ್ಟಳು. "ಅಕ್ಷರ ನಿಮ್ದು ಮೇಡಂ."

ಕೈಯಲ್ಲಿದ್ದ ಕೆಂಪು ಪೆನ್ನು ಯಾವುದೋ ಹುಡುಗನ ಪೇಪರಿನ ಮೇಲೆ ಒಂದು ಚುಕ್ಕೆಯಾಗಿ ಒಸರುತ್ತಿತ್ತು.

"ನಿನ್ನ ಕೆಲಸ ಉಳಿಯಲಿ ಅಂತಲೇ ಕಣಮ್ಮ ಹಾಗೆ..." ಅಂದೆ.

"ಉಳೀತು ಮೇಡಂ" ಎಂದಳು. "ಒಂಬತ್ತು ವರ್ಷ ಅಂಗೇ ಉಳ್ಕೊಂಡೆ."

ಕೂಗಾಡಲಿಲ್ಲ, ಅಳಲಿಲ್ಲ. ಗಂಟೆ ಹೊಡೆಯಿತು. ನಾಲ್ಕನೇ ಪೀರಿಯಡ್, ಬಿ.ಎಸ್ಸಿ. ಎರಡನೇ ವರ್ಷ. ಮೇಜಿನ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು ಕ್ಲಾಸಿಗೆ ಹೋದಳು. ಆಫೀಸಿನ ಟೈಮ್‌ಟೇಬಲ್ ಪ್ರಕಾರ ಆ ಕ್ಲಾಸು ನನ್ನದು.

ಎರಡು ದಿನ ನಾನು ಏನೂ ಮಾಡಲಿಲ್ಲ. ಪ್ರಿನ್ಸಿಪಾಲರ ಬಳಿ ಮಾತಾಡಿ ನೋಡೋಣ, ಯಾರಾದರೂ ದೊಡ್ಡವರಿಂದ ಹೇಳಿಸೋಣ, ಹೀಗೆ ಮನಸ್ಸು ಸುಲಭದ ದಾರಿಗಳನ್ನೇ ಹುಡುಕುತ್ತಿತ್ತು. ನಜರ್‌ಬಾದಿನ ಮನೆಯಲ್ಲಿ ನನ್ನ ಜೊತೆಗಿದ್ದ ಅಕ್ಕ, "ನಿನ್ನ ಪೆನ್ಷನ್ ಪೇಪರ್ ಅವರ ಕೈಲಿದೆ, ಬಾಯಿ ಮುಚ್ಕೊಂಡು ಏಳು ತಿಂಗಳು ತಳ್ಳು" ಅಂದಳು. ಅವಳದೂ ಪ್ರೀತಿಯೇ. ಪ್ರಿನ್ಸಿಪಾಲರು ನನಗೆ ಒಂಬತ್ತು ವರ್ಷದ ಹಿಂದೆ ಹೇಳಿದ ಮಾತಿನ ಧ್ವನಿಯೂ ಹೀಗೇ ಇತ್ತು ಎಂದು ಆಗ ಹೊಳೆಯಿತು.

ಶನಿವಾರ ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆಗೆ ಹೋದೆ.

"ಸಾರ್, ಆಕೆಯ ಗಂಟೆಗಳ ಸ್ಟೇಟ್‌ಮೆಂಟ್ ತಿದ್ದಬೇಕು. ಹದಿನೇಳು ಗಂಟೆ ಅಂತ ನಾನು ಬರೆದು ಸಹಿ ಮಾಡುತ್ತೇನೆ. ನೀವು ಫಾರ್ವರ್ಡ್ ಮಾಡಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕೂತ್ಕೊಳ್ಳಿ ಮೇಡಂ. ಕಾಫಿ ತರಿಸ್ಲಾ?"

"ಬೇಡ ಸಾರ್."

"ಒಂಬತ್ತು ವರ್ಷ ನೀವು ಸಹಿ ಮಾಡಿದ್ದಕ್ಕೆ ನಾನು ಕೌಂಟರ್‌ಸೈನ್ ಮಾಡಿದೀನಿ. ಈಗ ನೀವು ಬೇರೆ ಬರೆದ್ರೆ, ಮೊದಲಿಂದು ಸುಳ್ಳಾ, ಇದು ಸುಳ್ಳಾ ಅಂತ ಕೇಳ್ತಾರೆ. ಉತ್ತರ ಕೊಡ್ಬೇಕಾದೋರು ನೀವು. ರಿಟೈರ್‌ಮೆಂಟ್ ಹತ್ರ ಬಂದೋರು, ಈ ವಯಸ್ಸಲ್ಲಿ ನಿಮಗ್ಯಾಕ್ರೀ ಎನ್‌ಕ್ವೈರಿ?" ನಗುತ್ತಲೇ ಹೇಳಿದರು. "ಇಷ್ಟಕ್ಕೂ ಪ್ರೂಫ್ ಏನಿದೆ? ಅಟೆಂಡೆನ್ಸ್ ರಿಜಿಸ್ಟರ್‌ಗಳು ಹೋದ ರಜದಲ್ಲೇ ರದ್ದಿಗೆ ಹೋದ್ವು. ನಿಮ್ಮ ಬಾಯಿಮಾತು ನಂಬ್ತಾರಾ?"

ಹೊರಗೆ ಬಂದಾಗ ಕಾರಿಡಾರಿನ ಕೊನೆಗೆ ಈ ವರ್ಷದ ಚಾರ್ಟು ಕಾಣುತ್ತಿತ್ತು. ಹಸಿರು ಚೌಕಗಳು. ಒಂದೇ ವರ್ಷದ್ದು. ಹಳೆಯವು?

ಹಳೆಯವು ಎಲ್ಲಿ ಹೋಗುತ್ತವೆ ಎಂದು ಇಡೀ ಕಾಲೇಜಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಕಾನ್ವೆಂಟಿನ ನಮ್ಮ ಸಿಸ್ಟರ್ ಒಳ್ಳೆಯ ಕಾಗದ ಬಿಸಾಡಲು ಬಿಡುತ್ತಿರಲಿಲ್ಲ. ಪ್ರತಿ ಜೂನ್‌ನಲ್ಲಿ ಗೋಡೆಯಿಂದ ಇಳಿಸಿದ ಚಾರ್ಟನ್ನು ಬರೆದ ಮುಖ ಕೆಳಗಾಗಿ ತಿರುಗಿಸಿ, ಡಿಪಾರ್ಟ್‌ಮೆಂಟಿನ ಬೀರುವಿನ ಕೆಳ ಖಾನೆಯಲ್ಲಿ ಪುಸ್ತಕಗಳ ಅಡಿಗೆ ಹಾಸುತ್ತಿದ್ದೆ. ಹಳೆಯದನ್ನು ತೆಗೆಯುತ್ತಿರಲಿಲ್ಲ, ಅದರ ಮೇಲೆಯೇ ಇನ್ನೊಂದು.

ಅಟೆಂಡರು ಕೋಣೆಗೆ ಬೀಗ ಹಾಕಲು ಬಂದಿದ್ದ. "ಇವತ್ತು ಬೀಗ ಹಾಕ್ಬೇಡಪ್ಪ, ಬಾ ಇಲ್ಲಿ" ಅಂದೆ. ಇಬ್ಬರೂ ನೆಲಕ್ಕೆ ಕುಳಿತು ಡಿಕ್ಷನರಿಗಳನ್ನೂ ಹಳೆ ಪ್ರಶ್ನೆಪತ್ರಿಕೆಗಳ ಕಟ್ಟನ್ನೂ ಹೊರಗಿಟ್ಟೆವು. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಮೇಲಿನ ಚಾರ್ಟಿನ ಅಂಚು ಹಿಡಿದು ನಿಧಾನವಾಗಿ ಎತ್ತಿದೆ. ಹೋದ ವರ್ಷದ್ದು. ಅದರ ಕೆಳಗೆ ಅದರ ಹಿಂದಿನ ವರ್ಷದ್ದು. ಒಂದರ ಬಣ್ಣ ಇನ್ನೊಂದರ ಬೆನ್ನಿಗೆ ಅಂಟಿತ್ತು. ಇಂಕ್ ಬಾಟಲಿ ಇಟ್ಟಲ್ಲಿ ದುಂಡಗೆ ಕಲೆ. ತೀರ ಅಡಿಯದಕ್ಕೆ ಬೆಳ್ಳಿಮೀನು ಹುಳ ಅಲ್ಲಲ್ಲಿ ತೂತು ಕೊರೆದಿತ್ತು, ಆದರೆ ಚೌಕಗಳು ಉಳಿದಿದ್ದವು. ಎಲ್ಲದರಲ್ಲೂ ಹಸಿರು. ಹದಿನೇಳು, ಹದಿನಾರು, ಹದಿನೆಂಟು.

ಬೀರುವಿನಲ್ಲಿ ಏಳಿದ್ದವು. ಗೋಡೆಯ ಮೇಲಿನದು ಸೇರಿ ಎಂಟು. ಒಂದು ಇಲ್ಲ. ನಾಲ್ಕನೆಯ ವರ್ಷದ್ದು.

"ಆ ವರ್ಷದ್ದು ನಾನು ಈಸ್ಕೊಂಡೋಗಿದ್ದೆ ಅಮ್ಮಾವ್ರೆ" ಎಂದ ಅಟೆಂಡರು, ತಪ್ಪು ಮಾಡಿದವನ ಹಾಗೆ. "ಮಗಳು ಇಸ್ಕೂಲಿಗೆ ಜ್ವಾಲಾಮುಖಿ ಮಾಡ್ಬೇಕು ಅಂದ್ಲು. ನಿಮ್ ಚಾರ್ಟ್ನೇ ಸುತ್ತಿ ಬೆಟ್ಟ ಮಾಡ್ಬುಟ್ಲು. ಫಸ್ಟ್ ಪ್ರೈಜ್ ಬಂತು ಕಣ್ರಮ್ಮ."

"ಈಗ ಎಲ್ಲಿದೆ ಬೆಟ್ಟ?"

"ಒಲೆಗೆ ಹೋಯ್ತು."

ಸತತ ಸೇವೆ ಎಂದು ಸುತ್ತೋಲೆ ಹೇಳುತ್ತಿತ್ತು. ನಡುವಿನ ಒಂದು ವರ್ಷ ಜಾರಿದರೆ ಸರಪಳಿಯೇ ಕಡಿದ ಹಾಗೆ. ಭಾನುವಾರ ಚರ್ಚಿನ ಗಂಟೆ ಕೇಳುವ ಹೊತ್ತಿಗೆ ನಾನು ಮತ್ತೆ ಡಿಪಾರ್ಟ್‌ಮೆಂಟಿನಲ್ಲಿ ಕುಳಿತಿದ್ದೆ. ಹಿನಕಲ್ ಮೇಡಂಗೂ ಹೇಳಿಕಳಿಸಿದ್ದೆ. ಅವಳು ಬಂದಳು, ಬಾಗಿಲಲ್ಲೇ ನಿಂತಳು. ನೆಲದ ಮೇಲೆ ಹರಡಿದ ಎಂಟು ಚಾರ್ಟುಗಳನ್ನು ನೋಡಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟಳು.

"ಇಷ್ಟೊಂದು ಪಾಠ ಮಾಡಿದ್ನಾ ನಾನು?" ಎಂದಳು.

ನಾವು ಕೆಲಸ ಹಂಚಿಕೊಂಡೆವು. ಅವಳು ಒಂದೊಂದು ಚಾರ್ಟಿನ ಹಸಿರು ಚೌಕ ಎಣಿಸಿ ಪಟ್ಟಿ ಮಾಡುವುದು. ನಾನು ಆಫೀಸಿನ ಟೈಮ್‌ಟೇಬಲ್‌ಗಳ ಕಾರ್ಬನ್ ಪ್ರತಿಗಳನ್ನು ಫೈಲಿನಿಂದ ತೆಗೆದು ಪಕ್ಕದಲ್ಲಿಡುವುದು. ನಾಲ್ಕನೆಯ ವರ್ಷದ ಕಾರ್ಬನ್ ಪ್ರತಿ ಕೈಗೆ ಬಂತು. ಅಭ್ಯಾಸ ನೋಡಿ, ಯಾವ ಯೋಚನೆಯೂ ಇಲ್ಲದೆ ಬೆರಳು ತಾನಾಗಿ ಸೋಮವಾರದ ಮೊದಲ ಪೀರಿಯಡ್ಡಿನ ಮೇಲೆ ಹೋಯಿತು, ಮೇಲಿನಿಂದ ಕೆಳಕ್ಕೆ ಇಳಿಯಿತು. ಎರಡನೆಯದು. ಮೂರನೆಯದು. ಮೂರನೆಯದರಲ್ಲಿ ಬೆರಳು ನಿಂತಿತು.

ಸೋಮವಾರ ಮೂರನೇ ಪೀರಿಯಡ್. ಬಿ.ಕಾಂ. ಮೊದಲ ವರ್ಷ, ಕೋಣೆ ಹನ್ನೊಂದು, ನನ್ನ ಇನಿಷಿಯಲ್ಸ್. ಬಿ.ಎ. ಎರಡನೇ ವರ್ಷ, ಕೋಣೆ ಆರು, ನನ್ನ ಇನಿಷಿಯಲ್ಸ್.

ಕ್ಲ್ಯಾಶ್. ನನ್ನ ಅಕ್ಷರದಲ್ಲಿ, ನನ್ನ ಸಹಿಯ ಮೇಲೆ.

ಮುಂದೆ ಹೋದೆ. ಬುಧವಾರ ಇನ್ನೊಂದು. ಶುಕ್ರವಾರ ನಮ್ಮ ಸೆಕೆಂಡ್ ಸೀನಿಯರ್ ಎರಡು ಕೋಣೆಯಲ್ಲಿ. ನನಗೆ ಮೊದಲು ಬಂದದ್ದು ನಾಚಿಕೆ. ಇಷ್ಟು ವರ್ಷ ಕ್ಲ್ಯಾಶ್ ಇಲ್ಲದ ಟೈಮ್‌ಟೇಬಲ್ ಎಂದು ಬೀಗಿದವಳು! ಆಮೇಲೆ ಅರ್ಥವಾಯಿತು. ಗೋಡೆಯದನ್ನು ಬೆರಳಿಟ್ಟು ನೋಡುತ್ತಿದ್ದೆ, ಯಾಕೆಂದರೆ ಅದರಂತೆ ಪಾಠ ನಡೆಯಬೇಕಿತ್ತು. ಆಫೀಸಿನದನ್ನು ಒಮ್ಮೆಯೂ ನೋಡಿರಲಿಲ್ಲ. ಅದರಂತೆ ಯಾರೂ ಯಾವ ಕೋಣೆಗೂ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಹತ್ತು ಗಂಟೆ ಎಲ್ಲಿ ಜಾಗ ಕಂಡರೆ ಅಲ್ಲಿ ತುರುಕಿದ್ದೆ.

"ಇಲ್ಲಿ ಬಾಮ್ಮ" ಅಂದೆ. ತೋರಿಸಿದೆ. ಅವಳು ಓದಿದಳು, ಮತ್ತೊಮ್ಮೆ ಓದಿದಳು. ಆ ವಾರದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗೆ ಬಂತು.

"ಅಯ್ಯೋ ಮೇಡಂ, ಕ್ಲ್ಯಾಶ್ ಮಾಡ್ಬುಟ್ಟಿದೀರಾ!"

"ಹ್ಞೂಂ ಕಣೇ."

"ಇದು ಸಾಕ್ಷಿ ಆಯ್ತದಾ?"

"ಎರಡು ಕೋಣೆಯಲ್ಲಿ ಒಟ್ಟಿಗೆ ಇರೋದಕ್ಕೆ ನಾನೇನು ದೇವರಾ? ಒಂದರಲ್ಲಿ ಬೇರೆ ಯಾರೋ ಇದ್ದರು ಅಂತ ಆಗುತ್ತೆ. ನಿನಗೆ ತೋರಿಸಿದ ಏಳಕ್ಕೆ ಅದೊಂದು ಸೇರಿದರೂ ಎಂಟು."

ಅವಳ ನಗು ನಿಂತಿತು. "ಮೇಡಂ, ಇದನ್ನ ತೋರ್ಸಿದ್ರೆ ನೀವು ಸುಳ್ಳು ಬರ್ದಿದ್ದು ಒಪ್ಕೊಂಡಂಗೆ. ನಿಮ್ಮ ಪೆನ್ಷನ್..."

ಅಟೆಂಡರು ಬಾಗಿಲಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದ. ಎದ್ದು ಕಿಟಕಿಯ ಹತ್ತಿರ ಹೋದೆ. ನಿಜ ಹೇಳಬೇಕೆಂದರೆ ಆ ಕ್ಷಣಕ್ಕೂ ಒಂದು ದಾರಿ ಇತ್ತು. ಚಾರ್ಟುಗಳನ್ನು ಅವಳ ಕೈಗೆ ಕೊಟ್ಟು, ನೀನೇ ಹೋಗಿ ತೋರಿಸು ಎನ್ನಬಹುದಿತ್ತು. ಆದರೆ ಚಾರ್ಟಿನಲ್ಲಿ ಸಹಿ ಇರುವುದಿಲ್ಲ. ಬರೆದವಳು ಬಂದು ಇದು ನನ್ನ ಕೈಬರಹ, ಅದೂ ನನ್ನ ಕೈಬರಹ, ಇದು ನಿಜ, ಅದು ಸುಳ್ಳು ಎಂದು ಹೇಳದಿದ್ದರೆ ಅವು ಬರಿಯ ಬಣ್ಣದ ಕಾಗದ.

"ನಾಳೆ ನನಗೆ ಮೊದಲ ಎರಡು ಪೀರಿಯಡ್ ಇಲ್ಲ" ಅಂದೆ. "ನಿನಗೆ?"

ಅವಳು ನೆಲದ ಮೇಲಿದ್ದ ಈ ವರ್ಷದ ಚಾರ್ಟಿನ ಕಡೆ ನೋಡಿದಳು. "ಒಂದಿದೆ."

"ಟೆಸ್ಟ್ ಇಡು. ಅಟೆಂಡರು ನೋಡ್ಕೋತಾನೆ."

ಪ್ರಿನ್ಸಿಪಾಲರು ಫಾರ್ವರ್ಡ್ ಮಾಡದಿದ್ದರೆ ಅಡ್ವಾನ್ಸ್ ಕಾಪಿ ಎಂದು ಮೇಲೆ ಬರೆದು ನೇರ ಕೊಡಬಹುದು. ಮೂಲ ಅರ್ಜಿ ಕ್ರಮದಂತೆ ಬರುತ್ತದೆ, ಅಷ್ಟರಲ್ಲಿ ಇದನ್ನು ನೋಡಿ ಎಂಬ ಅರ್ಥ. ಮಾರನೆಯ ದಿನ ಬೆಳಿಗ್ಗೆ ಎಂಟು ಚಾರ್ಟುಗಳನ್ನೂ ನನ್ನ ಹಳೆಯ ಮೈಸೂರು ಸಿಲ್ಕ್ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ಇಬ್ಬರ ತೊಡೆಯ ಮೇಲೂ ಅಡ್ಡವಾಗಿ ಇಟ್ಟುಕೊಂಡು ಹೊರಟೆವು. ಕುಣಿ ಬಂದಾಗಲೆಲ್ಲ ಸುರುಳಿ ಒಳಗೇ ಗುಡುಗುತ್ತಿತ್ತು. ಆಟೋದವನು ಕನ್ನಡಿಯಲ್ಲಿ ನೋಡಿ, "ಏನ್ ಕಾರ್ಪೆಟ್ಟಾ ಅಮ್ಮ?" ಎಂದ. "ಬೀರುವಿಗೆ ಹಾಸಿದ್ದು" ಅಂದೆ.

ಜಂಟಿ ನಿರ್ದೇಶಕರ ಕಚೇರಿಯಲ್ಲಿ ಈ ಫೈಲುಗಳನ್ನು ನೋಡುತ್ತಿದ್ದ ಕೇಸ್‌ವರ್ಕರು ನಡುವಯಸ್ಸಿನ ತೆಳ್ಳಗಿನ ಮನುಷ್ಯ. ಮೇಜಿನ ಮೇಲೆ ಎಲ್ಲ ಕಾಲೇಜುಗಳ ಫೈಲು. ನಮ್ಮ ಕಾಲೇಜಿನದು ಆಗಲೇ ಬಂದಿತ್ತು. ತೆರೆದರು. ಒಂಬತ್ತು ಅರ್ಜಿ, ಒಂಬತ್ತು ಫೋಟೋ. ಮೊದಲನೆಯದರಲ್ಲಿ ಉದ್ದ ಜಡೆಯ ಹುಡುಗಿ, ಕೊನೆಯದರಲ್ಲಿ ಕಿವಿಯ ಬಳಿ ನರೆ.

"ಸೇವೆ ಸತತ ಇದೆ ಕಣಮ್ಮ. ಗಂಟೆ ಏಳು. ಎಂಟು ಬೇಕು. ರಿಜೆಕ್ಟ್ ಲಿಸ್ಟ್‌ನಲ್ಲಿ ಹಾಕಿದೀನಿ."

"ಒಂದು ನಿಮಿಷ ಸಾರ್" ಎಂದು ಸೀರೆ ಬಿಚ್ಚಿದೆ. ಮೇಜಿನ ಮೇಲೆ ಜಾಗವಿರಲಿಲ್ಲ. ನೆಲದ ಮೇಲೆ ಹಾಸಿದೆವು. ಆತ ಕುರ್ಚಿಯಿಂದ ಎದ್ದು ಬಂದು ಕುಕ್ಕರಗಾಲಲ್ಲಿ ಕುಳಿತರು. ಒಂದು ಚಾರ್ಟಿನ ಮೂಲೆ ಎತ್ತಿ ಮೂಗಿಗೆ ಹಿಡಿದರು.

"ನುಸಿಗುಳಿಗೆ."

"ಬೀರುವಿನಲ್ಲಿತ್ತು ಸಾರ್."

"ನಿನ್ನೆ ಮೊನ್ನೆ ಬರ್ದಿದ್ದಲ್ಲ ಅಂತ ಅದೇ ಹೇಳುತ್ತೆ ಬುಡಿ." ಹಸಿರು ಚೌಕಗಳ ಮೇಲೆ ಪೆನ್ಸಿಲಿನ ಹಿಂಬದಿಯಿಂದ ಕುಟ್ಟುತ್ತ ಎಣಿಸತೊಡಗಿದರು. ಹಿನಕಲ್ ಮೇಡಂ ಗೋಡೆಗೆ ಒರಗಿ ನಿಂತಿದ್ದಳು. ಆತನ ಜೊತೆ ಅವಳ ತುಟಿಯೂ ಎಣಿಸುತ್ತಿತ್ತು.

ಎಂಟು ವರ್ಷ ಮುಗಿಯಿತು. "ಇನ್ನೊಂದು?" ಎಂದರು.

ಕಾರ್ಬನ್ ಪ್ರತಿ ಕೊಟ್ಟು ಸೋಮವಾರ ಮೂರನೇ ಪೀರಿಯಡ್ ತೋರಿಸಿದೆ. ಆತ ನೋಡಿದರು, ನನ್ನ ಮುಖ ನೋಡಿದರು, ಎದ್ದು ಒಳಗೆ ಅಧಿಕಾರಿಯ ಕೋಣೆಗೆ ಹೋದರು. ಹತ್ತು ನಿಮಿಷದ ಮೇಲೆ ನನ್ನೊಬ್ಬಳನ್ನೇ ಕರೆದರು.

ಅಧಿಕಾರಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು.

"ಮೇಡಂ, ಈ ಸ್ಟೇಟ್‌ಮೆಂಟಿನ ಸಹಿ ನಿಮ್ಮದೇನಾ?"

"ನನ್ನದೇ ಸಾರ್."

"ಇದರ ಪ್ರಕಾರ ನೀವು ಒಂದೇ ಹೊತ್ತಿಗೆ ಎರಡು ರೂಮಿನಲ್ಲಿದ್ರಿ."

"ಇರಲಿಲ್ಲ ಸಾರ್. ಕೋಣೆ ಆರರಲ್ಲಿ ನಾನಿದ್ದೆ. ಹನ್ನೊಂದರಲ್ಲಿ ಇದ್ದವಳು ಹೊರಗೆ ನಿಂತಿರುವ ಆಕೆ. ಈ ಕಾಗದ ಸುಳ್ಳು."

"ಒಂಬತ್ತು ವರ್ಷದ್ದೂ?"

"ಒಂಬತ್ತು ವರ್ಷದ್ದೂ."

"ಯಾಕೆ ಬರೆದ್ರಿ?"

ಮ್ಯಾನೇಜ್‌ಮೆಂಟ್ ಹೇಳಿತು ಎನ್ನಬಹುದಿತ್ತು. ಅದೂ ನಿಜವೇ. "ಬರೆಯೋದು ಸುಲಭವಾಗಿತ್ತು ಸಾರ್" ಅಂದೆ. "ಕಷ್ಟವೆಲ್ಲ ಅವಳದಾಗಿತ್ತು."

ಅವರು ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. "ಹೇಳಿದ್ದನ್ನ ಬರೆದುಕೊಡಿ. ಕನ್ನಡದಲ್ಲಿ. ಇದರಿಂದ ನಿಮಗೆ ತೊಂದರೆ ಆಗುತ್ತೆ, ಗೊತ್ತು ತಾನೆ?"

"ಗೊತ್ತು ಸಾರ್."

ಕನ್ನಡದಲ್ಲಿ ನಾನು ಅಲ್ಲಿಯವರೆಗೆ ಹಾಲಿನವನಿಗೆ ಚೀಟಿ ಬಿಟ್ಟರೆ ಏನೂ ಬರೆದವಳಲ್ಲ. ಅಕ್ಷರ ಮೂರನೇ ಕ್ಲಾಸಿನ ಹುಡುಗಿಯದರ ಹಾಗೆ ದಪ್ಪದಪ್ಪ, ಸಾಲು ಮೇಲಕ್ಕೆ ಹತ್ತಿತು. ಸಿಸ್ಟರ್ ನೋಡಿದ್ದರೆ ಗೆಣ್ಣು ಮುರಿಯುತ್ತಿದ್ದರು. ಒಂಬತ್ತು ವರ್ಷ ಸುಂದರವಾಗಿ ಬರೆದ ಸುಳ್ಳನ್ನು ಒಂದು ಪುಟದಲ್ಲಿ ಹೀಗೆ ವಕ್ರವಾಗಿ ಒಪ್ಪಿಕೊಂಡೆ. ಪ್ರತಿ ಚಾರ್ಟಿನ ಮೂಲೆಯಲ್ಲೂ ಸಹಿ ಹಾಕಿಸಿಕೊಂಡರು. ನೆಲದ ಮೇಲೆ ಮಂಡಿಯೂರಿ ಹಾಕಿದೆ.

ಆಮೇಲಿನದು ಹೇಳುವುದಕ್ಕೆ ಹೆಚ್ಚಿಲ್ಲ. ವಾರದೊಳಗೆ ನನಗೆ ಮೆಮೋ ಬಂತು. ಸಹೋದ್ಯೋಗಿಗಳಲ್ಲಿ ಒಬ್ಬರು ನನ್ನೊಡನೆ ಕಾಫಿಗೆ ಬರುವುದನ್ನು ನಿಲ್ಲಿಸಿದರು. ಆಫೀಸಿನ ಕಾಗದದಲ್ಲಿ ಅವರೂ ಎರಡು ಕೋಣೆಯಲ್ಲಿದ್ದರಲ್ಲ. ನನ್ನ ಕೊನೆಯ ದಿನ ಬೀಳ್ಕೊಡುಗೆ ಇರಲಿಲ್ಲ, ಗ್ರೂಪ್ ಫೋಟೋ ಇರಲಿಲ್ಲ. ಅಟೆಂಡರು ಮಾತ್ರ ಒಂದು ಹಾರ ತಂದು, ಹಾಕಲೋ ಬೇಡವೋ ಎಂದು ತಿಳಿಯದೆ ನನ್ನ ಬ್ಯಾಗಿನೊಳಗೆ ಇಟ್ಟ. ಪೆನ್ಷನ್ ಬಹಳ ತಡವಾಗಿ ಬಂತು. ಅಕ್ಕ ಬೈದಳು, ಆಮೇಲೆ ಸುಮ್ಮನಾದಳು.

ಹಿನಕಲ್ ಮೇಡಂ ಫೈಲು ಕಚೇರಿಯಿಂದ ಕಚೇರಿಗೆ ಹೋಗಿ ಬರುತ್ತ ಒಂದೂವರೆ ವರ್ಷ ತೆಗೆದುಕೊಂಡಿತು. ಆ ನಡುವೆ ಮ್ಯಾನೇಜ್‌ಮೆಂಟ್ ಅವಳಿಗೆ ಮತ್ತೆ ಪಾರ್ಟ್‌ಟೈಮ್ ಆರ್ಡರು ಕೊಡಲಿಲ್ಲ. ಅವಳು ವರ್ಷಪೂರ್ತಿ ಕಾಜಾ ಹೊಲಿದಳು. ನಾನು ಹಿನಕಲ್‌ಗೆ ಹೋದಾಗಲೆಲ್ಲ ಸೂಜಿ ಕೆಳಗಿಡದೆಯೇ ಮಾತಾಡಿಸುತ್ತಿದ್ದಳು. "ನೀವು ಬೇಜಾರು ಮಾಡ್ಕೋಬೇಡಿ ಮೇಡಂ. ಈ ಸಲ ಕಾಯೋದರಲ್ಲಿ ಒಂದು ಲೆಕ್ಕ ಐತೆ. ಜೂನ್‌ಗೆ ಫೋಟೋ ತೆಗ್ಸೋ ಕಾಟ ಇಲ್ಲ." ಕೊನೆಗೆ ಪಟ್ಟಿ ಬಂತು, ಅದರಲ್ಲಿ ಅವಳ ಹೆಸರಿತ್ತು. ನಮ್ಮ ಕಾಲೇಜಿನಲ್ಲಿ ಜಾಗ ಕೊಡದೆ, ಅದೇ ಸಂಸ್ಥೆಯ ಹುಣಸೂರಿನ ಕಾಲೇಜಿಗೆ ಹಾಕಿದರು. ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು. ಅವಳು ಹೋದಳು.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಆ ಬಸ್ಸಿನಲ್ಲೇ.

ನನಗೆ ಕೈಬರಹ ಕಲಿಸಿದ ಸಿಸ್ಟರ್ ಆಗ ತೊಂಬತ್ತರ ಹತ್ತಿರ. ಇಲವಾಲದ ಬಳಿ ಕಾನ್ವೆಂಟಿನವರೇ ನಡೆಸುವ ಒಂದು ಮನೆಯಲ್ಲಿದ್ದರು. ನೋಡಿ ಬರೋಣವೆಂದು ಬೆಳಿಗ್ಗೆ ಹುಣಸೂರು ಬಸ್ಸು ಹತ್ತಿದ್ದೆ. ಹಿನಕಲ್‌ನಲ್ಲಿ ಬಸ್ಸು ನಿಂತಾಗ ಅವಳು ಹತ್ತಿದಳು. ಕಂಕುಳಲ್ಲಿ ಸುರುಳಿ ಸುತ್ತಿದ ಚಾರ್ಟು.

"ಮೇಡಂ! ಜರುಗಿ ಜರುಗಿ" ಎಂದು ಪಕ್ಕದಲ್ಲಿ ಕುಳಿತಳು. ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. "ಅಲ್ಲೀಗ ಟೈಮ್‌ಟೇಬಲ್ ನಂದೇ. ನಿಮ್ಮ ಶಿಷ್ಯೆ ಅಂತ ತಲೆಗೆ ಕಟ್ಬುಟ್ರು. ನೋಡ್ತೀರಾ?"

ತೊಡೆಯ ಮೇಲೆ ಬಿಚ್ಚಿದಳು. ಮುಂದಿನ ಸೀಟಿನವರ ತಲೆಗೆ ತಾಗಿತು, ಅವರು ತಿರುಗಿ ಗುರಾಯಿ‌ಸಿದರು. ಒಬ್ಬೊಬ್ಬರಿಗೆ ಒಂದು ಬಣ್ಣದ ಪೆನ್ಸಿಲ್. ಅಲ್ಲೂ ಪಾರ್ಟ್‌ಟೈಮಿಗೆ ಒಬ್ಬ ಹುಡುಗಿ ಬಂದಿದ್ದಳಂತೆ, ಅವಳಿಗೆ ಹಸಿರು. ಚಾರ್ಟಿನ ಅಂಚಿನಲ್ಲಿ ನಾನು ಎಂದೂ ಹಾಕದ ಒಂದು ಕಾಲಂ ಇತ್ತು. ಪ್ರತಿಯೊಬ್ಬರ ಪೂರ್ತಿ ಹೆಸರು, ಎದುರಿಗೆ ವಾರದ ಗಂಟೆ. ಹಸಿರಿನ ಎದುರು ಹದಿನಾಲ್ಕು.

"ಆಫೀಸ್ ಕಾಪಿ?" ಎಂದು ಕೇಳಿದೆ.

"ಇದನ್ನೇ ಚಿಕ್ಕದಾಗಿ ಬರ್ದು ಕೊಡೋದು ಮೇಡಂ. ಎರಡೆರಡು ಥರ ಯೋಚ್ನೆ ಮಾಡೋಕೆ ಯಾರಿಗೆ ಪುರುಸೊತ್ತು?"

ನನ್ನ ಬೆರಳು ಆಗಲೇ ಸೋಮವಾರದ ಮೇಲಿತ್ತು. ಬಸ್ಸು ಕುಲುಕುತ್ತಿದ್ದರೂ ಮೇಲಿನಿಂದ ಕೆಳಕ್ಕೆ ಇಳಿಸುತ್ತ ಹೋದೆ. ಮಂಗಳವಾರ. ಬುಧವಾರ ಎರಡನೇ ಪೀರಿಯಡ್.

"ಇಲ್ಲಿ ಕ್ಲ್ಯಾಶ್ ಇದೆ ಕಣಮ್ಮ."

"ಎಲ್ಲಿ?"

"ಇಲ್ಲಿ ನೋಡು. ನೀನೇ. ಎರಡು ರೂಮಿನಲ್ಲಿ."

"ಅಯ್ಯಯ್ಯೋ, ಹತ್ತು ಗಂಟೆಗೆ ಗೋಡೆಗಾಕ್ಬೇಕು ಇದನ್ನ!" ಎಂದು ಬ್ಯಾಗಿನಲ್ಲಿ ಪೆನ್ಸಿಲಿಗೆ ತಡಕಾಡಿದಳು. ಇಲವಾಲ ಬಂತು. ಕಂಡಕ್ಟರು ಸೀಟಿ ಊದಿದ. ನಾನು ಅವಳ ಮಂಡಿಗಳನ್ನು ದಾಟಿ, ಚಾರ್ಟಿಗೆ ಸೀರೆ ತಾಗದ ಹಾಗೆ ಎತ್ತಿ ಹಿಡಿದುಕೊಂಡು ಇಳಿದೆ. ಕೆಳಗೆ ನಿಂತು ಕಿಟಕಿಯತ್ತ ತಿರುಗಿದೆ, ಕೈ ಬೀಸೋಣವೆಂದು. ಅವಳು ನೋಡಲಿಲ್ಲ. ರಬ್ಬರು ಹಿಡಿದು, ಬಗ್ಗಿ, ಬುಧವಾರದ ಒಂದು ಚೌಕವನ್ನು ಅಳಿಸುತ್ತಿದ್ದಳು. ಬಸ್ಸು ಹೊರಟಿತು.